ಕರಿಯ ಬಣ್ಣವೂ ಗೃಹಸ್ಥನ ಮನಸ್ಸೂ

ವರ್ಷಂಪ್ರತಿ ಶಾಲೆಗಳು ತೆರೆಯುವ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಗೃಹಸ್ಥನು ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿ ಕೊಂಡು ತರುವ ವಸ್ತುಗಳಲ್ಲಿ ಕರಿಯ ಬೂಟುಗಳ ಜೊತೆಯೊಂದು ತಪ್ಪದೆ ಇರುತ್ತದೆ. ಅದೇ ಗೃಹಸ್ಥನು ಅದೇ ವರ್ಷ ಮನೆಯಲ್ಲಿ ಮದುವೆಯ ಜವಳಿ ತೆಗೆಯುವಾಗ, ಅಂಗಡಿಯವನು ಅರಿಯದೆ ಒಂದು ಕಪ್ಪು ಸೀರೆಯನ್ನು ಬಿಚ್ಚಿ ಹಾಸಿದರೆ, “ಶುಭಕಾರ್ಯಕ್ಕೆ ಇದೇಕಯ್ಯ?” ಎಂದು ಕೈಯಾಡಿಸಿ ಪಕ್ಕಕ್ಕೆ ಸರಿಸುವನು. ಆದರೆ ಆ ಮದುವೆಗೆ ಮದುಮಗನಿಗಾಗಿ ಹೊಲಿಸುವ ಕೋಟು ಎಷ್ಟೋ ವೇಳೆ ಕಪ್ಪಾಗಿಯೇ ಇರುವುದುಂಟು. ಒಂದೇ ಬಣ್ಣ ಒಂದೇ ಮನೆಯಲ್ಲಿ ಒಮ್ಮೆ ಅಮಂಗಳವಾಗಿ, ಇನ್ನೊಮ್ಮೆ ಗೌರವವಾಗಿ, ಮತ್ತೊಮ್ಮೆ ನಿತ್ಯೋಪಯೋಗಿಯಾಗಿ ಕಾಣುವುದು ಹೇಗೆಂಬುದು ವಿಚಾರಾರ್ಹವಾದ ಸಂಗತಿ. ಇದು ಬರಿಯ ಬಣ್ಣದ ಮಾತಾಗಿದ್ದರೆ ಶರಣಮಾರ್ಗವನ್ನು ಕುರಿತ ಪತ್ರಿಕೆಯಲ್ಲಿ ಇದಕ್ಕೆ ಎಡೆಯಿರುತ್ತಿರಲಿಲ್ಲ.

ಕರಿಯ ಬೂಟನ್ನೇ ಏಕೆ ಕೊಳ್ಳುವಿರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: ಕೊಳೆ ಕಾಣುವುದಿಲ್ಲ. ಈ ಉತ್ತರವನ್ನು ಕೊತ್ತಗೆರೆಯ ಸೀಮೆಯಲ್ಲಿಯೇ ಪರೀಕ್ಷಿಸಬಹುದು. ಇದು ಕೆಮ್ಮಣ್ಣಿನ ನಾಡು. ರಾಗಿಯ ಹೊಲಗಳ ನಡುವಣ ದಾರಿಯಲ್ಲಿ ಬೇಸಗೆಯಲ್ಲಿ ಏಳುವ ಧೂಳು ಕೆಂಪು. ಕರಿಯ ಬೂಟನ್ನು ಮೆಟ್ಟಿ ಅರ್ಧ ಮೈಲಿ ನಡೆದವನು ಕೆಳಗೆ ನೋಡಿಕೊಂಡರೆ, ಅದರ ಮೇಲೆ ಕುಳಿತಷ್ಟು ಸ್ಪಷ್ಟವಾಗಿ ಆ ಧೂಳು ಇನ್ನಾವುದರ ಮೇಲೂ ಕುಳಿತಿರುವುದಿಲ್ಲ. ಕೊಳೆಯನ್ನು ಮರೆಸುವುದೇ ಉದ್ದೇಶವಾಗಿದ್ದರೆ ಈ ಸೀಮೆಯವರೆಲ್ಲ ಮಣ್ಣಿನ ಬಣ್ಣದ ಪಾದರಕ್ಷೆಯನ್ನೇ ಆರಿಸಬೇಕಾಗಿತ್ತು. ಆದುದರಿಂದ ಆ ಉತ್ತರ ಅರ್ಧ ಸತ್ಯವೇ ಹೊರತು ಪೂರ್ಣಸತ್ಯವಲ್ಲ. ಎಣ್ಣೆ, ಮಸಿ, ಕೆಸರು ಕಪ್ಪಿನಲ್ಲಿ ಅಡಗುವುದು ನಿಜ, ಧೂಳು ಅಡಗುವುದಿಲ್ಲ.

ನಿಜವಾದ ಕಾರಣವನ್ನು ತೊಗಲಿನ ಕೆಲಸ ಬಲ್ಲವರನ್ನು ಕೇಳಿ ತಿಳಿಯತಕ್ಕದ್ದು. ದನದ ಮೈಮೇಲೆ ಮುಳ್ಳು ಗೀರಿದ ಗುರುತು, ಉಣ್ಣೆ ಕಚ್ಚಿದ ಕಲೆ, ಬರೆಯಿಟ್ಟ ಮಚ್ಚೆ, ನೊಗ ಉಜ್ಜಿದ ಒರಟು ಇವೆಲ್ಲ ಹದಮಾಡಿದ ತೊಗಲಿನಲ್ಲಿಯೂ ಉಳಿದುಬರುತ್ತವೆ. ತಿಳಿಬಣ್ಣದ ಪಾದರಕ್ಷೆಗೆ ಕಲೆಯಿಲ್ಲದ ತೊಗಲೇ ಬೇಕು. ಅಂಥದು ಅಪರೂಪ, ಬೆಲೆಯೂ ಹೆಚ್ಚು. ಕಪ್ಪು ಬಣ್ಣವಾದರೋ ಈ ಗಾಯಗಳನ್ನೆಲ್ಲ ಮುಚ್ಚಿ, ಬಡ ತೊಗಲನ್ನೂ ಬಾಳುವಂತೆ ಮಾಡುತ್ತದೆ. ಎಡಗಾಲಿನದನ್ನು ಒಂದು ತೊಗಲಿನಿಂದಲೂ ಬಲಗಾಲಿನದನ್ನು ಇನ್ನೊಂದರಿಂದಲೂ ಕತ್ತರಿಸಿದರೂ ಬಣ್ಣ ಹೊಂದಿಕೊಳ್ಳುತ್ತದೆ. ಆರು ತಿಂಗಳ ಮೇಲೆ ಹೊಲಿಗೆ ಬಿಚ್ಚಿದರೆ ಯಾವ ಊರಿನ ಕುಶಲಿಗನಾದರೂ ತನ್ನಲ್ಲಿರುವ ಕರಿಯ ತುಂಡನ್ನೇ ಸೇರಿಸಿ, ಕರಿಯ ಮೇಣವನ್ನೇ ತಿಕ್ಕಿ ಕೊಡಬಲ್ಲನು. ಇನ್ನು ಹೊಳಪಿನ ಮಾತು. ಕಪ್ಪು ವಸ್ತು ತನ್ನ ಮೇಲೆ ಬಿದ್ದ ಬೆಳಕನ್ನು ಬಹುಮಟ್ಟಿಗೆ ನುಂಗಿ, ಮೇಲ್ಮೈಯ ಮಿಂಚನ್ನು ಮಾತ್ರ ಹಿಂದಿರುಗಿಸುತ್ತದೆ; ಆದುದರಿಂದ ತಿಕ್ಕಿದ ಕರಿಯ ತೊಗಲಿನ ಮೇಲೆ ಮಿಂಚು ಎದ್ದು ಕಾಣುವಷ್ಟು ಬೇರೆ ಬಣ್ಣದ ಮೇಲೆ ಕಾಣುವುದಿಲ್ಲ. ಬೆಳಿಗ್ಗೆ ಎರಡು ನಿಮಿಷ ಬಟ್ಟೆಯಿಂದ ಉಜ್ಜಿದವನಿಗೆ ದೊರೆಯುವ ಫಲ ಇಷ್ಟು ಸುಲಭವಾದುದರಿಂದಲೇ ಸೈನ್ಯ, ಪೊಲೀಸು, ಶಾಲೆ ಎಲ್ಲವೂ ಅದನ್ನು ಹಿಡಿದವು.

ಕಪ್ಪು ಮೊದಲಿನಿಂದಲೂ ಅಗ್ಗದ ಬಣ್ಣವಾಗಿತ್ತೆಂದು ಭಾವಿಸಬಾರದು. ಬಟ್ಟೆಗೆ ಗಾಢವಾದ, ಕಚ್ಚುವ ಕಪ್ಪನ್ನು ಏರಿಸುವುದು ಹಿಂದಿನ ಬಣ್ಣಗಾರರಿಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು. ನಮ್ಮ ದೇಶದವರು ಅಳಲೆಕಾಯಿಯ ಒಗರಿನಲ್ಲಿ ಅದ್ದಿದ ಬಟ್ಟೆಗೆ, ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿದ ರಸವನ್ನು ಕೂಡಿಸಿ ಕಪ್ಪನ್ನು ಪಡೆಯುತ್ತಿದ್ದರು. ತಂಗಡಿಯ ತೊಗಟೆಯಿಂದ ಹದಮಾಡಿದ ತೊಗಲಿಗೆ ಕಬ್ಬಿಣದ ನೀರನ್ನು ಸವರಿದರೂ ಇದೇ ಪರಿಣಾಮ: ಒಗರೂ ಕಬ್ಬಿಣವೂ ಕೂಡಿದೊಡನೆ ಕಪ್ಪು ಹುಟ್ಟುವುದು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಬರೆಯುವ ಮಸಿಯೂ ಈ ಜಾತಿಯದೇ. ಹಾಗಾಗಿ ಹಳೆಯ ಕಾಗದದ ಮೇಲಣ ಅಕ್ಷರವೂ ಹಳೆಯ ಮೆಟ್ಟಿನ ಕಪ್ಪೂ ಒಡಹುಟ್ಟುಗಳು. ಆದರೆ ಈ ಕಬ್ಬಿಣದ ಕಪ್ಪು ಕಾಲಕ್ರಮದಲ್ಲಿ ನೂಲನ್ನು ತಿಂದು ಬಟ್ಟೆಯನ್ನು ಜೀರ್ಣಗೊಳಿಸುತ್ತಿತ್ತು. ಯೂರೋಪಿನಲ್ಲಿಯೂ ಹೀಗೆಯೇ. 1419ರಲ್ಲಿ ತಂದೆಯ ಕೊಲೆಯಾದ ಬಳಿಕ ಬರ್ಗಂಡಿಯ ಅರಸ ಫಿಲಿಪ್ಪನು ಕಪ್ಪನ್ನು ಧರಿಸತೊಡಗಿದನು. ಮುಂದಿನ ಶತಮಾನದಲ್ಲಿ ಸ್ಪೆಯಿನಿನ ಆಸ್ಥಾನ ಅದನ್ನೇ ರಾಜಗಾಂಭೀರ್ಯದ ಬಣ್ಣವಾಗಿ ಮಾಡಿತು. ದುರ್ಲಭವಾದುದರಿಂದಲೇ ಅದು ದೊಡ್ಡವರ ಬಣ್ಣವಾಯಿತು. 1863ರಲ್ಲಿ ಇಂಗ್ಲೆಂಡಿನ ಜಾನ್ ಲೈಟ್‌ಫುಟ್ ಎಂಬವನು ಅನಿಲೀನಿನಿಂದ ಕಪ್ಪು ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದ ಮೇಲೆ, ಅರಸರ ಬಣ್ಣ ಕ್ರಮೇಣ ಗುಮಾಸ್ತನಿಗೂ ಕೂಲಿಯವನಿಗೂ ಎಟುಕಿತು. ಬೆಲೆ ಇಳಿಯಿತು, ಹಳೆಯ ಗೌರವ ಮಾತ್ರ ಇಳಿಯಲಿಲ್ಲ. ಜನಪ್ರಿಯತೆಯ ಮರ್ಮ ಬಹುಮಟ್ಟಿಗೆ ಇಲ್ಲಿದೆ.

ಆ ಗೌರವ ನಮ್ಮ ನಾಡಿಗೆ ಎರಡು ದಾರಿಯಿಂದ ಬಂದಿತು. ಒಂದು ಮೈಸೂರಿನ ದರ್ಬಾರಿನ ದಾರಿ: ಬಿಳಿಯ ಷರಾಯಿ, ಉದ್ದನೆಯ ಕರಿಯ ಕೋಟು, ಜರಿಯ ಪೇಟ. ಇನ್ನೊಂದು ನ್ಯಾಯಾಲಯದ ದಾರಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಾಜಮನೆತನದ ಶೋಕಾಚರಣೆಗಾಗಿ ತೊಟ್ಟ ಕಪ್ಪನ್ನು ವಕೀಲರು ಮರಳಿ ಬಿಡಲೇ ಇಲ್ಲವೆಂದು ಹೇಳುವರು. 1961ರ ವಕೀಲರ ಅಧಿನಿಯಮದ ಮೇರೆಗೆ ಏರ್ಪಟ್ಟ ನಿಯಮಗಳು ಆ ಕರಿಯ ಕೋಟನ್ನು ಸ್ವತಂತ್ರ ಭಾರತದಲ್ಲಿಯೂ ಉಳಿಸಿದವು. ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳನ್ನು ಬಿಟ್ಟು ಉಳಿದೆಡೆ ಬೇಸಗೆಯಲ್ಲಿ ಅದು ಕಡ್ಡಾಯವಲ್ಲವೆಂಬ ದಯೆಯೂ ಅದರಲ್ಲಿದೆ. ಪರರಾಜರ ಶೋಕದ ಬಟ್ಟೆ ನಮ್ಮ ನ್ಯಾಯದ ಬಟ್ಟೆಯಾದುದು ಲೋಕವಿಚಿತ್ರ.

ಈ ಎರಡಕ್ಕೂ ಹಿಂದಿನಿಂದಲೇ ನಮ್ಮಲ್ಲಿದ್ದ ಕಪ್ಪೊಂದುಂಟು; ಅದು ಕರಿಯ ಕಂಬಳಿ. ಹಾಲುಮತದವರು ದಖ್ಖನದ ಕರಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ನೆಯ್ದು, ಹುಣಸೆಬೀಜದ ಸರಿ ಹಾಕಿ ಗಟ್ಟಿ ಮಾಡುವ ಈ ವಸ್ತ್ರಕ್ಕೆ ಬಣ್ಣಗಾರನ ಹಂಗಿಲ್ಲ. ಕುರಿ ಕೊಟ್ಟ ಬಣ್ಣವೇ ಬಣ್ಣ. ಚಳ್ಳಕೆರೆಯ ಸಂತೆಯಿಂದ ಬಂದ ಕಂಬಳಿ ತುಮಕೂರು ಸೀಮೆಯ ರೈತನಿಗೆ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ರಾತ್ರಿ ಹಾಸಿಗೆ, ನಂಟರು ಬಂದಾಗ ಜಮಖಾನ. ಕಪ್ಪು ಬಟ್ಟೆ ಬಿಸಿಲನ್ನು ಸೆಳೆಯುವುದಲ್ಲವೆ, ಹೀಗಿದ್ದೂ ಬಿಸಿಲಿನಲ್ಲಿ ಕುರಿ ಕಾಯುವವನು ಅದನ್ನು ಹೇಗೆ ಹೊರುವನೆಂದು ಕೆಲವರಿಗೆ ಆಶ್ಚರ್ಯ. ಮರಳುಗಾಡಿನ ಬೆದವೀನರ ಕರಿಯ ನಿಲುವಂಗಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ನಿರ್ಣಯವನ್ನು ಇಲ್ಲಿ ನೆನೆಯಬಹುದು: ಕಪ್ಪು ಬಟ್ಟೆ ಹೆಚ್ಚು ಕಾಯುವುದು ನಿಜ, ಆದರೆ ಸಡಿಲವಾದ ನಿಲುವಂಗಿಯಲ್ಲಿ ಆ ಹೆಚ್ಚಿನ ಕಾವು ಮೈಯನ್ನು ಮುಟ್ಟುವ ಮುನ್ನವೇ ಗಾಳಿಯಲ್ಲಿ ಹೋಗಿಬಿಡುವುದರಿಂದ, ಧರಿಸಿದವನಿಗೆ ಬಿಳಿಯದೂ ಕರಿಯದೂ ಸಮಾನ. ಕಾಲನ್ನು ಬಿಗಿದಪ್ಪುವ ಬೂಟಿಗೆ ಈ ವಿನಾಯಿತಿ ದೊರೆಯದೆಂಬುದನ್ನು ಚೈತ್ರ ವೈಶಾಖದಲ್ಲಿ ಶಾಲೆಗೆ ನಡೆಯುವ ಮಕ್ಕಳು ಬಲ್ಲರು.

ಪ್ರಕೃತ, ಕಪ್ಪು ಅಮಂಗಳವೆಂಬ ಪಕ್ಷವನ್ನು ವಿಚಾರಿಸೋಣ. ಸಾಂಖ್ಯರ ಪರಿಭಾಷೆಯಲ್ಲಿ ಸತ್ತ್ವಕ್ಕೆ ಬಿಳುಪು, ರಜಸ್ಸಿಗೆ ಕೆಂಪು, ತಮಸ್ಸಿಗೆ ಕಪ್ಪು. ಆದುದರಿಂದ ಕಪ್ಪು ಅಜ್ಞಾನದ ಬಣ್ಣವೆಂದು ಪೂರ್ವಪಕ್ಷ. ಇದು ಗುಣಗಳನ್ನು ತಿಳಿಸಲು ಹೂಡಿದ ಸಂಕೇತವೇ ಹೊರತು ಸೀರೆಯ ಅಂಗಡಿಗೆ ಬರೆದ ವಿಧಿಯಲ್ಲ. ತಾರ್ಕಿಕರನ್ನು ಕೇಳಿದರೆ ರೂಪವೆಂಬುದು ದ್ರವ್ಯವನ್ನು ಆಶ್ರಯಿಸಿದ ಒಂದು ಗುಣ, ಕಣ್ಣಿಗೆ ಮಾತ್ರ ವಿಷಯ; ಕತ್ತಲೆಯಾದರೋ ಅವರ ಮತದಲ್ಲಿ ದ್ರವ್ಯವೇ ಅಲ್ಲ, ತೇಜಸ್ಸಿನ ಅಭಾವ. ಕಣ್ಣಿಗೆ ವಿಷಯವಾದ ಗುಣದಲ್ಲಿ ಪಾಪಪುಣ್ಯಗಳನ್ನು ಹುಡುಕುವುದು ಉಪ್ಪಿನಲ್ಲಿ ಪರಿಮಳವನ್ನು ಹುಡುಕಿದಂತೆ.

ಅದಿರಲಿ, ಕಪ್ಪನ್ನು ಅಮಂಗಳವೆನ್ನುವವರ ನಡೆಯೇ ಅವರ ನುಡಿಗೆ ವಿರುದ್ಧವಾಗಿದೆ. ಮುತ್ತೈದೆಯ ಕೊರಳಿನ ಕರಿಮಣಿಗಿಂತ ಮಂಗಳವಾದುದು ಅವರಿಗೆ ಇನ್ನಾವುದುಂಟು? ಹಸುಗೂಸಿನ ಕೆನ್ನೆಗೆ ಇಡುವುದು ಕಾಡಿಗೆಯ ಬೊಟ್ಟು. ಮಡಿವಂತರು ಹತ್ತಿಯ ಬಟ್ಟೆ ಮೈಲಿಗೆಯಾಯಿತೆಂದು ಹೆದರುವೆಡೆಯಲ್ಲಿ ಉಣ್ಣೆಯ ಕಂಬಳಿಯನ್ನು ನಿರ್ಭಯವಾಗಿ ಹೊದೆಯುವರು. ಉತ್ತರದ ಜಿಲ್ಲೆಗಳಲ್ಲಿ ಸಂಕ್ರಾಂತಿಗೆ ಕರಿಯ ಸೀರೆಯನ್ನು ಉಟ್ಟು ಹಬ್ಬ ಮಾಡುವ ಹೆಂಗಳೆಯರುಂಟು. ಕರ್ನಾಟವೆಂಬ ಹೆಸರನ್ನೇ ಕರಿಯ ಮಣ್ಣಿನ ನಾಡೆಂದು ಬಿಡಿಸುವ ಪಂಡಿತರೂ ಇದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಲಿಂಗವಂತನು ಎದೆಯ ಮೇಲೆ ಧರಿಸಿ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗದ ಹೊರಮೈ ಯಾವ ಬಣ್ಣದ್ದು? ಶಿಲೆಯ ಮೇಲೆ ಭಸ್ಮಾದಿಗಳನ್ನು ಸ್ನೇಹದ್ರವ್ಯದೊಡನೆ ಅರೆದು ಲೇಪಿಸಿದ ಕಂತಿ ಅಚ್ಚ ಕಪ್ಪು. ಮುಂಜಾನೆ ಆ ಕಪ್ಪಿನಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತವನು, ಮಧ್ಯಾಹ್ನ ಕಪ್ಪು ಅಪಶಕುನವೆಂದು ಹೇಳಿದರೆ ಬೆಳಗಿನ ಪೂಜೆ ಯಾರದು? ಶರಣರ ನುಡಿಗಳು ನಮ್ಮವರೆಗೆ ಉಳಿದುಬಂದ ಬಗೆಯೂ ಇಂಥದೇ. ಕಂಠದಿಂದ ಕೊರೆದ ಓಲೆಗರಿಗೆ ಕಾಡಿಗೆಯನ್ನು ತಿಕ್ಕಿದ ಮೇಲಲ್ಲವೆ ಅಕ್ಷರ ಕಾಣುವುದು? ಫ. ಗು. ಹಳಕಟ್ಟಿಯವರು (1880–1964) ಮನೆಮನೆ ತಿರುಗಿ ಕೂಡಿಹಾಕಿದ ಕಟ್ಟುಗಳಲ್ಲಿ ವಚನಗಳನ್ನು ಓದಿಸಿಕೊಟ್ಟದ್ದು ಆ ಮಸಿ.

ಕಪ್ಪಿನ ಪರವಾಗಿ ಸಮವಸ್ತ್ರವಾದಿಗಳು ಹೇಳುವ ಒಂದು ಮಾತು ಕೇಳಲು ಹಿತವಾಗಿದೆ. ಎಲ್ಲ ಮಕ್ಕಳೂ ಒಂದೇ ಕರಿಯ ಬೂಟು ತೊಟ್ಟರೆ ಗೌಡನ ಮಗನೂ ಜೀತದವನ ಮಗನೂ ಕಾಲಿನಲ್ಲಾದರೂ ಸಮಾನರೆಂಬುದು ಅದರ ತಾತ್ಪರ್ಯ. ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರವೇ ಕರಿಯ ಬೂಟನ್ನೂ ಕಾಲುಚೀಲವನ್ನೂ ಒದಗಿಸುವ ಯೋಜನೆ ಈಚಿನ ವರ್ಷಗಳಲ್ಲಿ ಬಂದ ಮೇಲೆ ಈ ಮಾತಿಗೆ ಬಲ ಬಂದಿದೆ. ಇದನ್ನು ಅಲ್ಲಗಳೆಯಲಾಗದು. ಬರಿಗಾಲಿನ ಮಗು ಬೂಟು ತೊಟ್ಟ ಮಗುವಿನ ಪಕ್ಕದಲ್ಲಿ ಕಾಲನ್ನು ಹಿಂದಕ್ಕೆ ಸರಿಸಿ ಕೂರುವುದನ್ನು ಕಂಡವರಿಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಕಪ್ಪು ಕಲೆಯನ್ನು ಮುಚ್ಚುವ ಬಣ್ಣವೆಂದು ಮೇಲೆ ಹೇಳಿದೆ. ತೊಗಲಿನ ಗಾಯವನ್ನು ಅದು ಮುಚ್ಚಿದಂತೆ ಊರಿನ ಗಾಯವನ್ನೂ ಮುಚ್ಚಬಲ್ಲದು. ಬೂಟು ಒಂದೇ ಆದ ಮಾತ್ರಕ್ಕೆ ಊಟದ ಪಂಕ್ತಿ ಒಂದಾಗಿದೆಯೆಂದು ಗ್ರಹಿಸಲಾಗದು.

ಈಗ ಮದುಮಗನ ಕರಿಯ ಕೋಟಿಗೆ ಬರೋಣ. ಆ ಕೋಟನ್ನೂ ಹೊಳೆಯುವ ಕರಿಯ ಬೂಟನ್ನೂ ಎಷ್ಟೋ ಕಡೆ ಕನ್ಯಾಪಿತನೇ ಕೊಡಿಸಬೇಕು. ಅದಕ್ಕೆ ಮುಂಚೆ ಅವನ ಮಗಳನ್ನು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋಗಿ, “ಹುಡುಗಿ ಗುಣವಂತೆ, ಓದಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ…” ಎಂದು ಮಧ್ಯಸ್ಥನ ಮೂಲಕ ಹೇಳಿಕಳುಹಿಸುವುದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ನಡೆದೇ ಇದೆ. ಇದಕ್ಕೆ ಹೆದರಿಯೇ ನಮ್ಮ ಹೆಣ್ಣುಮಕ್ಕಳು ಮುಖ ಬೆಳ್ಳಗಾಗುವ ಲೇಪನಗಳನ್ನು ಕೊಳ್ಳುವುದು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪನದ ಹೆಸರನ್ನು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿಸಿದರು. ಹೆಸರು ಬದಲಾದಷ್ಟು ಬೇಗ ವರನ ತಾಯಿಯ ಕಣ್ಣು ಬದಲಾಗಲಿಲ್ಲ. ಮೈಮೇಲೆ ತೊಟ್ಟ ಕಪ್ಪು ಮರ್ಯಾದೆ, ಮೈಯಲ್ಲಿ ಹುಟ್ಟಿದ ಕಪ್ಪು ಊನ. ಬಿಸಿಲಿನಲ್ಲಿ ಹೊಲಗೆಲಸ ಮಾಡಿ ಕಪ್ಪಾದ ತಾಯಂದಿರ ಮಕ್ಕಳೇ ಹೀಗೆ ತೂಗಿ ನೋಡುವರು. ಅಂಗವನ್ನೇ ಲಿಂಗದ ನೆಲೆಯೆಂದು ದೀಕ್ಷೆ ಪಡೆದ ಮನೆಯಲ್ಲಿ, ಅದೇ ದೀಕ್ಷೆ ಪಡೆದ ಹೆಣ್ಣಿನ ಅಂಗವನ್ನು ಬಣ್ಣದಿಂದ ಅಳೆಯುವುದಕ್ಕೆ ಯಾವ ಆಧಾರವಿದೆ? ನೀಲಕಂಠನೆಂದು ಶಿವನನ್ನು ಕರೆದು ಕೈಮುಗಿಯುವಾಗ, ಆ ಕೊರಳಿನ ಕಪ್ಪು ಪರರ ಸಂಕಟವನ್ನು ತಾನು ನುಂಗಿದುದರ ಗುರುತೆಂದು ಪುರಾಣದಲ್ಲಿ ಕೇಳಿ ತಲೆದೂಗುವವರೇ ಇವರು.

ಪಾದರಕ್ಷೆಯ ವಿಚಾರ ಬಂದಲ್ಲಿ ಹರಳಯ್ಯನವರನ್ನು ನೆನೆಯದೆ ಮುಂದೆ ಹೋಗಲಾಗದು. ತಾನು ‘ಶರಣು’ ಎಂದುದಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರೆಂದೂ, ಆ ಒಂದು ಹೆಚ್ಚಿನ ಶರಣಿನ ಭಾರವನ್ನು ಇಳಿಸಲು ಸತಿಪತಿಗಳಿಬ್ಬರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಯನ್ನು ಹೊಲಿದು ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆ ಕಥೆಯನ್ನು ಕೇಳಿದ ಯಾರೂ ಆ ಪಾದರಕ್ಷೆಯ ಬಣ್ಣವಾವುದೆಂದು ಕೇಳುವುದಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಕಲ್ಯಾಣದಲ್ಲಿ ಎದ್ದ ಪ್ರಶ್ನೆ ಮಾತ್ರ, ಬೇರೆ ವೇಷದಲ್ಲಿ, ಇಂದಿಗೂ ವಧೂಪರೀಕ್ಷೆಯ ಜಗಲಿಯಲ್ಲಿ ಕೂತಿದೆ.

ಕಪ್ಪು ಮೇಣ ತಿಕ್ಕುವವನ ಕೈಯನ್ನು ನೋಡಿದವರು ವಿರಳ. ಪೇಟೆಯ ಬಸ್ ನಿಲ್ದಾಣಗಳ ಬಳಿ ಗೋಣಿಚೀಲವನ್ನು ಹಾಸಿ ಕುಳಿತ ಅವನ ಉಗುರಿನ ಸಂದಿನಲ್ಲಿ, ಅಂಗೈಯ ಗೆರೆಗಳಲ್ಲಿ ಆ ಕಪ್ಪು ಇಳಿದು ನಿಂತಿರುತ್ತದೆ; ಸಾಬೂನಿಗೆ ಹೋಗುವುದಿಲ್ಲ. ಬೂಟು ಮುಖ ಕಾಣುವಂತೆ ಹೊಳೆದ ಮೇಲೆ ಗೃಹಸ್ಥನು ಅದನ್ನು ಮೆಚ್ಚಿ ತೊಟ್ಟು, ಕಾಸನ್ನು ಆ ಅಂಗೈಗೆ ಹಾಕುವಾಗ ತನ್ನ ಬೆರಳು ತಾಗದಂತೆ ಸ್ವಲ್ಪ ಮೇಲಿನಿಂದಲೇ ಬಿಡುತ್ತಾನೆ.