ಬಾಳಿಕೆಯೋ, ಬಳುವಳಿಯೋ?

"ಇದು ಎಷ್ಟು ದಿನ ನಡೆದೀತು?" ನಮ್ಮ ಸಂಘಗಳಲ್ಲಿ ಹೊಸ ಕೆಲಸದ ಮಾತೆತ್ತಿದೊಡನೆ ಏಳುವ ಪ್ರಶ್ನೆಯಿದು. ಭಜನಾ ಮಂಡಳಿಯಾಗಲಿ, ನಾಟಕ ತಂಡವಾಗಲಿ, ಮಕ್ಕಳ ಕನ್ನಡ ತರಗತಿಯಾಗಲಿ, ನಾಲ್ಕು ದಿನ ನಡೆದು ನಿಲ್ಲುವುದಾದರೆ ತೊಡಗುವುದೇತಕ್ಕೆ ಎಂದು ಕೇಳುತ್ತೇವೆ. ಹೊರನಾಡಿನಲ್ಲಿ ಬಾಳುವ ನಮಗೆ ಈ ಅಂಜಿಕೆ ಸಹಜ. ಒಬ್ಬರಿಗೆ ವರ್ಗವಾಗುತ್ತದೆ, ಇನ್ನೊಬ್ಬರು ನಿವೃತ್ತರಾಗಿ ಊರಿಗೆ ಮರಳುತ್ತಾರೆ. ಕೈಗಳು ಕಡಿಮೆಯಾಗುತ್ತಲೇ ಇರುತ್ತವೆ. ಆದರೆ ಅಲ್ಪಾಯುವಾದುದೆಲ್ಲ ವ್ಯರ್ಥವೇ?

ಒಂದು ಉದಾಹರಣೆಯನ್ನು ನೋಡೋಣ. 1974ರಲ್ಲಿ ನಾಶಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು, ಪಿಟೀಲುವಾದಕ ಎಚ್. ಎನ್. ಭಾಸ್ಕರ್ ಮೊದಲಾದವರೊಡನೆ 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಗಿಟಾರಿನ ಜೊತೆಗೆ ನಮ್ಮ ನೆಲದ ಹಾಡನ್ನು ಕೂಡಿಸಿದ ತಂಡ ಅದು. ಕೆಲವೇ ವರ್ಷಗಳಲ್ಲಿ ಚದುರಿತು. ಆದರೆ ಅಲ್ಲಿ ಹದಗೊಂಡ ರೀತಿ ನಿಲ್ಲಲಿಲ್ಲ. 2008ರಲ್ಲಿ ಮುಂಬಯಿಯ ವಿಶಾಲ್-ಶೇಖರ್ ಜೋಡಿ ಹೊರತಂದ ರಘು ಅವರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿದ್ದವು; 2011ರಲ್ಲಿ ಅವರ ಹೊಸ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು.

ಮುಂದೆ ಹೆಸರು ಬಂದದ್ದರಿಂದಲ್ಲವೇ ಹಿಂದಿನ ತಂಡದ ನೆನಪು ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯವಾದ ಮಾತೇ. ಹಾಗಾದರೆ ಶರೀಫರನ್ನೇ ನೆನೆಯೋಣ. ಅವರು ತೀರಿಕೊಂಡದ್ದು 1889ರಲ್ಲಿ. ಸಿ. ಅಶ್ವತ್ಥರು ಸಂಗೀತ ನೀಡಿದ, ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದದ್ದು 1990ರಲ್ಲಿ. ನಡುವಿನ ನೂರು ವರ್ಷ ಆ ಪದಗಳನ್ನು ಹಳ್ಳಿಯ ಭಜನೆಗಳಲ್ಲಿ ಹಾಡಿ ಉಳಿಸಿದವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಅವರಿಗೆ ಕೀರ್ತಿ ಬರಲಿಲ್ಲ, ಅವರ ಮೇಳಗಳೂ ಉಳಿಯಲಿಲ್ಲ. ಆದರೂ ಅವರಿಲ್ಲದಿದ್ದರೆ ರಾಗ ಹಾಕಲು ಪದಗಳೇ ಇರುತ್ತಿರಲಿಲ್ಲ. ಆದ್ದರಿಂದ ಬೆಲೆ ಬಾಳಿಕೆಯಲ್ಲೂ ಇಲ್ಲ, ಕೀರ್ತಿಯಲ್ಲೂ ಇಲ್ಲ, ದಾಟಿಸುವುದರಲ್ಲಿದೆ.

ಹಾಗೆಂದು ನಿಂತುಹೋದುದೆಲ್ಲವೂ ದಾಟುವುದಿಲ್ಲ. ನಾಶಿಕ ಜಿಲ್ಲೆಯ ಮಾಲೇಗಾಂವ್ ವಿದ್ಯುತ್ ಮಗ್ಗಗಳ ಊರು. ಮಗ್ಗದಲ್ಲಿ ಹಾಸಿನ ನೂಲು ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅವಕ್ಕೆ ಗಂಟು ಹಾಕುತ್ತಾರೆ. ಹಳೆಯ ಎಳೆ ಹೊಸ ಎಳೆಯನ್ನು ಹಣಿಗೆಯ ಸಂದಿನಿಂದ ಎಳೆದು ತರುತ್ತದೆ. ತುದಿಯನ್ನೂ ಕಿತ್ತುಬಿಟ್ಟರೆ ಪ್ರತಿಯೊಂದು ಎಳೆಯನ್ನೂ ಮೊದಲಿನಿಂದ ಪೋಣಿಸಬೇಕು.

ನಮ್ಮ ಕರ್ತವ್ಯವೂ ಇಷ್ಟೇ. ತಂಡ ನಿಲ್ಲುವುದು ತಪ್ಪಲ್ಲ. ತುದಿ ಬಿಡದೆ ನಿಲ್ಲುವುದು ತಪ್ಪು. ಆಡಿದ ನಾಟಕದ ಪ್ರತಿಯನ್ನು ಯಾರ ಮನೆಯ ಅಟ್ಟದಲ್ಲೋ ಕೊಳೆಯಲು ಬಿಡುವುದು, ಮನಸ್ತಾಪವಾಯಿತೆಂದು ಕಲಿತ ರಾಗವನ್ನು ಕಿರಿಯರಿಗೆ ಹೇಳಿಕೊಡದಿರುವುದು, ಇವು ನಾವು ದಿನವೂ ಕಾಣುವ ನಷ್ಟಗಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಶಾಲೆಯಿಂದಲೂ ಬೀದಿಯಿಂದಲೂ ಬರುವುದಿಲ್ಲ. ಒಂದು ವರ್ಷ ನಡೆದ ತರಗತಿಯಲ್ಲಿ ಬಾಯಿಗೆ ಬಂದ ಒಂದು ಪದವೇ ಅವರ ಪಾಲಿನ ಎಳೆಯಾಗಬಹುದು.

ಎಷ್ಟು ದಿನ ನಡೆದೀತೆಂದು ಲೆಕ್ಕ ಹಾಕುತ್ತ ಕೂರುವುದು ಬೇಡ. ನಾವು ನಿಲ್ಲಿಸಿದ ಮೇಲೆ ಮತ್ತೊಬ್ಬರು ಗಂಟು ಹಾಕಲು ತುದಿ ಉಳಿದೀತೇ ಎಂದು ಕೇಳಿಕೊಳ್ಳೋಣ, ಕೇಳಿಕೊಂಡು ತೊಡಗೋಣ.