ತೆವಳಿದ್ದು ಅಪ್ಪ, ಹಟ ಮಗನದು

ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕವಿ ಪೆಡ್ರೊ ಬಾಕ್-ಇ-ರೀತಾ ಅವರಿಗೆ 65ನೇ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಅರ್ಧ ಮೈ ಬಿದ್ದುಹೋಯಿತು, ಮಾತೂ ನಿಂತಿತು. 1950ರ ದಶಕದ ಕೊನೆಯ ಮಾತು ಇದು. ಇನ್ನು ಇಷ್ಟೇ ಎಂದು ಎಲ್ಲರೂ ಕೈಚೆಲ್ಲಿದಾಗ, ಮೆಕ್ಸಿಕೊದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ಅಪ್ಪನನ್ನು ತನ್ನ ಮನೆಗೆ ಕರೆದೊಯ್ದ. ಲಕ್ವದ ಆರೈಕೆಯ ಶಾಸ್ತ್ರ ಅವನಿಗೇನೂ ಗೊತ್ತಿರಲಿಲ್ಲ. ಕೂಸು ನಡೆಯುವ ಮುಂಚೆ ಅಂಬೆಗಾಲಿಡುತ್ತದಲ್ಲ, ಅಲ್ಲಿಂದಲೇ ಶುರು ಮಾಡಿಸಿದ.

ಸೋತ ಭುಜವನ್ನು ಗೋಡೆಗೆ ಆನಿಸಿಕೊಂಡು ಪ್ರೊಫೆಸರು ತಿಂಗಳುಗಟ್ಟಲೆ ತೆವಳಿದರು. ಅಂಗಳಕ್ಕೆ ಇಳಿಸಿದಾಗ, ಹೆತ್ತಪ್ಪನನ್ನು ನಾಯಿಯ ಹಾಗೆ ಓಡಾಡಿಸುತ್ತಾನೆಂದು ನೆರೆಯವರು ಬೈದರು. ಪಾತ್ರೆ ತೊಳೆಯುವುದೂ ಅಭ್ಯಾಸವೇ ಆಯಿತು: ಒಂದು ಕೈಯಲ್ಲಿ ಪಾತ್ರೆ ಹಿಡಿದು, ಸೋತ ಕೈಯನ್ನು ಅದರೊಳಗೆ ಕಾಲು ಗಂಟೆ ಬಲಕ್ಕೆ, ಕಾಲು ಗಂಟೆ ಎಡಕ್ಕೆ ಸುತ್ತಿಸಬೇಕು. ಹೀಗೆ ಮಂಡಿಯೂರಿದರು, ನಿಂತರು, ನಡೆದರು. ಸುಮಾರು ಒಂದು ವರ್ಷದಲ್ಲಿ ಮತ್ತೆ ತರಗತಿಗೆ ಹೋದರು.

ಇದು ಹಣೆಬರಹವೋ, ಪ್ರಯತ್ನವೋ?

ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನ ಮುಂದೆ ಪೌರುಷದ ಪರ ನಿಲ್ಲುತ್ತಾರೆ. ದೈವವೆಂದರೆ ಹಿಂದಿನ ಪ್ರಯತ್ನದ ಫಲವೇ ಹೊರತು ಬೇರೇನಲ್ಲ ಎಂಬುದು ಅವರ ವಾದ. ಪೆಡ್ರೊ ಆ ಪಕ್ಷದ ಸಾಕ್ಷಿಯಂತೆ ಕಾಣುತ್ತಾರೆ. ಆದರೆ ಇಲ್ಲಿ ಪೌರುಷ ಯಾರದು? ಹಟ ಹಿಡಿಯುವ ಮಗನಿಲ್ಲದ ಮನೆಯಲ್ಲಿ ಇದೇ ಮನುಷ್ಯ ಹಾಸಿಗೆಯಲ್ಲೇ ಉಳಿಯುತ್ತಿದ್ದರೇನೋ.

ಪ್ರಯತ್ನಕ್ಕೂ ಹೊತ್ತುಗೊತ್ತು ಬೇಕು. ಐದು ದೇಶಗಳ 2104 ರೋಗಿಗಳ ಮೇಲೆ ನಡೆದ ‘ಅವರ್ಟ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಕ್ವ ಹೊಡೆದ 24 ಗಂಟೆಯೊಳಗೇ ಎಬ್ಬಿಸಿ, ಮತ್ತೆಮತ್ತೆ ಓಡಾಡಿಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಶೇ 46. ಮಾಮೂಲಿ ಆರೈಕೆಯವರಲ್ಲಿ ಶೇ 50. ಅವಸರ ಮಾಡಿದ್ದೇ ಕೆಲವರಿಗೆ ಮುಳುವಾಯಿತು. ‘ಮನಸ್ಸು ಮಾಡಿದ್ದರೆ ಎದ್ದು ನಡೆಯುತ್ತಿದ್ದ’ ಎಂದು ರೋಗಿಯ ತಲೆಗೇ ತಪ್ಪು ಕಟ್ಟುವ ನೆಂಟರು ವಸಿಷ್ಠರನ್ನು ಅರ್ಧ ಮಾತ್ರ ಕೇಳಿಸಿಕೊಂಡವರು. ಏಟು ಎಲ್ಲಿ ಬಿತ್ತು, ಎಷ್ಟು ಆಳಕ್ಕೆ ಇಳಿಯಿತು ಎಂಬುದು ಯಾರ ಮನಸ್ಸನ್ನೂ ಕೇಳುವುದಿಲ್ಲ.

ಪೆಡ್ರೊ 72ನೇ ವಯಸ್ಸಿನಲ್ಲಿ ಕೊಲಂಬಿಯಾದ ಬೆಟ್ಟವೊಂದನ್ನು ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದ ವೈದ್ಯೆ ಮೇರಿ ಜೇನ್ ಅಗಿಲಾರ್ ಅವರಿಗೆ ಕಂಡದ್ದು ಮಾಯದ ಗಾಯ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳಲ್ಲಿ ಶೇ 97ರಷ್ಟು ನಾಶವಾಗಿದ್ದವು. ಉಳಿದ ಮೂರರ ಮೇಲೆ ಅವರು ಬೆಟ್ಟ ಹತ್ತುತ್ತಿದ್ದರು.