ಮುಷ್ಟಿಯುದ್ಧವೂ ಪ್ರೇಕ್ಷಕನ ಪಾಲೂ

ಪರರ ನೋವನ್ನು ಕಂಡು ಹಿಗ್ಗುವುದು ಹೀನವೆಂಬ ಮಾತನ್ನು ಅಲ್ಲವೆನ್ನುವವರು ವಿರಳ. ಆದರೆ ಇಬ್ಬರು ಬಲಶಾಲಿಗಳು ಒಬ್ಬರನ್ನೊಬ್ಬರು ಗುದ್ದಿ ನೆಲಕ್ಕುರುಳಿಸಲು ಹವಣಿಸುತ್ತಿರುವಾಗ ಸುತ್ತಲೂ ಸಾವಿರಾರು ಜನ ನೆರೆಯುವುದೂ, ಅವರಲ್ಲಿ ವಿದ್ಯಾವಂತರೂ ದಯಾಳುಗಳೂ ಇರುವುದೂ ಎಲ್ಲ ದೇಶಗಳಲ್ಲಿಯೂ ಕಂಡುಬಂದಿರುವ ಸಂಗತಿ. ಆಂಗ್ಲ ಮುಷ್ಟಿಮಲ್ಲರ ಚರಿತ್ರೆಯನ್ನು ಬಲ್ಲವರು ಅದರಲ್ಲಿ ಅತ್ಯಂತ ರೋಮಾಂಚಕರವಾದ ಕಾಳಗಗಳು ಯಾವುವೆಂದು ಪಟ್ಟಿಮಾಡುವುದುಂಟು. ಆ ಪಟ್ಟಿಯನ್ನು ಸ್ವಲ್ಪ ನಿಧಾನಿಸಿ ನೋಡಿದರೆ ಒಂದು ವಿಚಾರ ಹೊಳೆಯದೆ ಇರದು. ಚತುರನಾದವನು ಪೆಟ್ಟು ತಿನ್ನದೆ ಗೆದ್ದ ಕಾಳಗ, ಬೇಗ ಮುಗಿದ ಕಾಳಗ, ಅಲ್ಲಿ ಅಪರೂಪ. ಸೋತನೆಂದುಕೊಂಡವನು ಎದ್ದು ನಿಂತದ್ದು, ಕಣ್ಣು ಮುಚ್ಚಿಹೋದವನು ಕೈ ಬೀಸುತ್ತಲೇ ಇದ್ದದ್ದು, ನಿಲ್ಲಬೇಕಾದದ್ದು ನಿಲ್ಲದೆ ನಡೆದದ್ದು—ಇಂಥವೇ ಹೆಚ್ಚು. ಹಾಗಾದರೆ ಆ ರೋಮಾಂಚವು ಯಾವುದರ ಫಲ? ಹೊಡೆದವನ ಕರ್ಮದಲ್ಲಿ ನೋಡಿದವನಿಗೂ ಪಾಲುಂಟೆ?

ಚೇಳೂರು, ಗುಬ್ಬಿಗಳ ಕಡೆಯ ವಾಚಕರಿಗೆ ಕಾಳಗವನ್ನು ನೋಡುವ ಸುಖವು ಹೊಸದಲ್ಲ. ಆ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕವಾಗುವುದುಂಟು. ಗುಬ್ಬಿ ವೀರಣ್ಣನವರ ಮಂಡಲಿಯಾದರೋ 1934ರಲ್ಲಿ ಬೆಂಗಳೂರಿನಲ್ಲಿ ಆಡಿದ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಬೆಳಗಿನ ಜಾವದಲ್ಲಿ ಭೀಮನ ಗದೆ ದುರ್ಯೋಧನನ ತೊಡೆಗೆ ಬೀಳುವಾಗ ನಿದ್ದೆಗಣ್ಣಿನ ಜನರೆಲ್ಲ ಎದ್ದು ಕೂಡುತ್ತಾರೆ. ಕಂಪೆನಿ ನಾಟಕಗಳ ಕಾಲದಲ್ಲಿ ಸಭಿಕರು 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತುಬಿದ್ದ ವೀರನೂ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದನು. ಇದನ್ನು ನೆನೆದು ನಗುವವರು ಅದರೊಳಗಿನ ತಥ್ಯವನ್ನೂ ಗಮನಿಸಬೇಕು. ಅಲ್ಲಿ ಯಾರಿಗೂ ನೋವಾಗಿಲ್ಲವೆಂಬುದು ಕೂಗಿದವನಿಗೂ ಗೊತ್ತು, ಸತ್ತವನಿಗೂ ಗೊತ್ತು. ಅದು ವೀರರಸ, ರಸದ ಆಸ್ವಾದನೆಗೆ ರಕ್ತದ ಅವಶ್ಯಕತೆಯಿಲ್ಲ. ಹೀಗಿದ್ದರೂ ನಾಟ್ಯಶಾಸ್ತ್ರವು ಯುದ್ಧ, ರಾಜ್ಯಭ್ರಂಶ, ಮರಣ ಮುಂತಾದುವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಗಳ ಮೂಲಕ ಸೂಚಿಸತಕ್ಕದ್ದೆಂದು ವಿಧಿಸಿತು. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಸಾಯುವನಾದರೂ ಗದಾಯುದ್ಧವನ್ನು ಮಾತ್ರ ಭಟರ ಬಾಯಿಂದ ಕೇಳಬೇಕು. ಹುಸಿಯಾದ ಪೆಟ್ಟನ್ನು ತೋರಿಸುವುದಕ್ಕೇ ಇಷ್ಟು ಸಂಕೋಚಪಟ್ಟ ಶಾಸ್ತ್ರಕಾರರು ನಿಜವಾದ ಪೆಟ್ಟಿನ ವಿನೋದಕ್ಕೆ ಏನೆನ್ನುತ್ತಿದ್ದರೋ!

ಆದರೆ ಈ ನಾಡಿನಲ್ಲಿ ನಿಜವಾದ ಪೆಟ್ಟಿನ ವಿನೋದವೂ ಇಲ್ಲದಿರಲಿಲ್ಲ. ಹನ್ನೆರಡನೆಯ ಶತಮಾನದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟು ಮಲ್ಲರ ಆಹಾರ ವ್ಯಾಯಾಮಗಳನ್ನು ವಿವರಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ ಪ್ರವಾಸಿ ಪಾಯೆಸನು, ಅಲ್ಲಿನ ಮಲ್ಲಯುದ್ಧವು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವ, ಕಣ್ಣು ಕೀಳುವ ಪೆಟ್ಟುಗಳು ಅಲ್ಲಿ ನಡೆಯುತ್ತಿದ್ದುವೆಂದೂ, ಮಾತು ನಿಂತುಹೋದ ಕೆಲವರನ್ನು ಸ್ನೇಹಿತರು ಹೊತ್ತುಕೊಂಡು ಹೋಗುತ್ತಿದ್ದರೆಂದೂ ಬರೆದಿದ್ದಾನೆ. ಇಬ್ಬರನ್ನೂ ಸಮವಾಗಿ ನಿಲ್ಲಿಸಿ ಗೆದ್ದವನಿಗೆ ಮರ್ಯಾದೆ ನಿರ್ಣಯಿಸುವ ಮಧ್ಯಸ್ಥರಿದ್ದರೆಂಬುದನ್ನೂ ಅವನು ಮರೆತಿಲ್ಲ.

ಆ ಪರಂಪರೆಯ ಉಳಿಕೆಯೇ ಮೈಸೂರಿನ ವಜ್ರಮುಷ್ಟಿ ಕಾಳಗ. 1971ರಲ್ಲಿ ರಾಜರ ಪದವಿ ರಾಜಧನಗಳು ರದ್ದಾದರೂ ಅರಮನೆಯ ಖಾಸಗಿ ಆಚರಣೆಯಾಗಿ ಅದು ಉಳಿದುಬಂದಿದೆ. ವಿಜಯದಶಮಿಯ ದಿನ ಜಂಬೂಸವಾರಿಗೆ ಮುಂಚೆ ಅರಮನೆಯ ಒಳತೊಟ್ಟಿಯಲ್ಲಿ ಜಟ್ಟಿ ಮನೆತನದ ಜೋಡಿಗಳು ಎದುರುಬದುರಾಗುತ್ತವೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಇದಕ್ಕೆ ಬರುತ್ತಾರೆ. ಲಂಗೋಟಿಯುಟ್ಟು, ಜುಟ್ಟೊಂದನ್ನುಳಿದು ತಲೆಯನ್ನು ನುಣ್ಣಗೆ ಬೋಳಿಸಿಕೊಂಡು, ಮೊನೆಗಳುಳ್ಳ ಆಯುಧವನ್ನು ಬಲಗೈ ಬೆರಳುಗಳಿಗೆ ತೊಟ್ಟು ನಿಲ್ಲುವರು. ಎದುರಾಳಿಯ ತಲೆಯಿಂದ ನೆತ್ತರು ಒಸರಿತೋ, ಕೂಡಲೆ ಹಿರಿಯರು ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಎಷ್ಟೋ ಸಲ ಎಲ್ಲವೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ದೂರದಿಂದ ಬಂದವನು ಕತ್ತು ನೀಕಿ ನೋಡುವಷ್ಟರಲ್ಲಿ ಜಟ್ಟಿಗಳು ಹೊರಟಿರುತ್ತಾರೆ. ನೆತ್ತರು ಬಿದ್ದುದು ಶುಭವೆಂಬ ಭಾವನೆ. ಅನಂತರ ಬನ್ನಿಪೂಜೆ.

ಇದನ್ನು ಮೊದಲ ಬಾರಿಗೆ ಕೇಳಿದವರು ಬರ್ಬರವೆನ್ನುವುದು ಸಹಜ. ಮೊನೆಯುಳ್ಳ ಆಯುಧವೆಲ್ಲಿ, ಮೆತ್ತನೆಯ ಕೈಗವಸೆಲ್ಲಿ! ಆದರೆ ಇಲ್ಲಿಯೇ ವಿಚಾರವು ತಿರುವು ಪಡೆಯುತ್ತದೆ.

ಇಂಗ್ಲೆಂಡಿನಲ್ಲಿಯೂ ಮೊದಲು ಬರಿಗೈಯ ಕಾಳಗವೇ ನಡೆಯುತ್ತಿದ್ದಿತು. 1860ನೆಯ ಏಪ್ರಿಲ್ 17ರಂದು ಫಾರ್ನ್‌ಬರೋ ಎಂಬಲ್ಲಿ ಟಾಮ್ ಸೇಯರ್ಸನಿಗೂ ಅಮೆರಿಕದ ಹೀನನ್‌ಗೂ ಆದ ಯುದ್ಧವನ್ನು ಆ ಜನ ಇಂದಿಗೂ ಮರೆತಿಲ್ಲ. ಹೀನನ್ನನು ಎತ್ತರದಲ್ಲಿಯೂ ತೂಕದಲ್ಲಿಯೂ ಬಹಳ ಮಿಗಿಲು. ಸೇಯರ್ಸನ ಬಲಗೈ ಮೊದಲಲ್ಲಿಯೇ ನಿರುಪಯೋಗವಾಯಿತು. ಆದರೂ ಎಡಗೈಯೊಂದರಿಂದಲೇ ಎರಡು ಗಂಟೆಗೂ ಹೆಚ್ಚು ಕಾಲ ಹೋರಾಡಿ ಎದುರಾಳಿಯ ಕಣ್ಣುಗಳು ಬಾತು ಮುಚ್ಚುವಂತೆ ಮಾಡಿದನು. ಕೊನೆಗೆ ಜನರು ಕಣದೊಳಕ್ಕೆ ನುಗ್ಗಿ ಎಲ್ಲವೂ ಗೊಂದಲವಾಗಲು ಇಬ್ಬರೂ ಸಮರೆಂದು ತೀರ್ಮಾನವಾಯಿತು. ಅನಂತರ ಸಾರ್ವಜನಿಕರು ಸೇಯರ್ಸನಿಗಾಗಿ 3,000 ಪೌಂಡುಗಳ ನಿಧಿಯನ್ನು ಕೂಡಿಸಿದರು. ಅವನು ಇನ್ನು ಮುಂದೆ ಎಂದಿಗೂ ಕಣಕ್ಕಿಳಿಯಕೂಡದೆಂಬುದು ಅದಕ್ಕೆ ನಿಬಂಧನೆ! ಕಾಳಗದ ಹೊತ್ತಿನಲ್ಲಿ ಅವನು ಬೀಳುವನೋ ಏಳುವನೋ ಎಂದು ಉಸಿರು ಬಿಗಿಹಿಡಿದಿದ್ದ ಜನರೇ ಈಗ ಇನ್ನು ಸಾಕೆಂದು ಹಣ ಕೊಟ್ಟರು. ಪ್ರೇಕ್ಷಕನ ಅಂತಃಕರಣವು ಸತ್ತಿರಲಿಲ್ಲ. ಕಾಳಗ ನಡೆಯುವಷ್ಟು ಹೊತ್ತು ಅದು ಎಲ್ಲಿತ್ತೆಂಬುದೇ ಪ್ರಶ್ನೆ. ಸೇಯರ್ಸನು 1865ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡನು.

ಈ ಪ್ರಶ್ನೆಯು ಒಮ್ಮೆ ನ್ಯಾಯಸ್ಥಾನವನ್ನೂ ಮುಟ್ಟಿತು. 1881ರಲ್ಲಿ ಆಸ್ಕಟ್ ಬಳಿ ಬರ್ಕ್, ಮಿಚೆಲ್ ಎಂಬಿಬ್ಬರು ಹೊಡೆದಾಡಿದರು. ಕೋನಿ ಎಂಬವನೂ ಇನ್ನಿಬ್ಬರೂ ಗುಂಪಿನಲ್ಲಿದ್ದರು. ಅವರು ಯಾರನ್ನೂ ಮುಟ್ಟಿರಲಿಲ್ಲ. ಕಾಳಗಕ್ಕೆ ನೆರವಾದರೆಂದು ಅವರಿಗೆ ಶಿಕ್ಷೆಯಾಗಿ, 1882ರಲ್ಲಿ ಹನ್ನೊಂದು ಮಂದಿ ನ್ಯಾಯಾಧಿಪತಿಗಳು ಅದನ್ನು ಪರಿಶೀಲಿಸಿದರು. ಅಂಥ ಕಾಳಗವೇ ಅಪರಾಧ, ಹೊಡೆಸಿಕೊಂಡವನ ಒಪ್ಪಿಗೆಯು ಅದಕ್ಕೆ ಸಮಾಧಾನವಾಗಲಾರದು ಎಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಸುಮ್ಮನೆ ನಿಂತು ನೋಡಿದ ಮಾತ್ರಕ್ಕೆ ನೆರವಾದಂತಾಯಿತೆ? ಆಗಲಿಲ್ಲವೆಂದು ಎಂಟು ಮಂದಿ, ಮೂವರು ಅದನ್ನೊಪ್ಪಲಿಲ್ಲ. ಶಿಕ್ಷೆ ರದ್ದಾಯಿತು. ದಂಡಶಾಸ್ತ್ರಕ್ಕೆ ಅದು ಸರಿಯಾದ ತೀರ್ಪು; ನೋಡಿದವರನ್ನೆಲ್ಲ ಸೆರೆಗೆ ನೂಕತೊಡಗಿದರೆ ಊರಿಗೆ ಊರೇ ಸೆರೆಮನೆಯಾದೀತು. ಆದರೆ ನೀತಿಶಾಸ್ತ್ರವು ಆ ಎಂಟು ಮಂದಿಯ ತೀರ್ಪಿನಿಂದ ತೃಪ್ತವಾಗಲಾರದು. ನೋಡುವವರಿಲ್ಲದ ಕಡೆ ಹಣಕ್ಕಾಗಿ ಗುದ್ದಾಡುವವರು ಯಾರು? ನೋಟವೇ ಅಲ್ಲಿ ಬಂಡವಾಳ.

ಅಷ್ಟರಲ್ಲಿ 1867ರ ಕ್ವೀನ್ಸ್‌ಬರಿ ನಿಯಮಗಳು ಬಂದಿದ್ದುವು. ಮೂರು ನಿಮಿಷದ ಸುತ್ತು, ಒಂದು ನಿಮಿಷ ವಿಶ್ರಾಂತಿ, ಬಿದ್ದವನಿಗೆ ಹತ್ತು ಎಣಿಸುವಷ್ಟು ಅವಕಾಶ, ಕೈಗೆ ಗವಸು. ಕಾಳಗವು ಸಭ್ಯವಾಯಿತೆಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆದರೆ ಗವಸು ಕಾಪಾಡುವುದು ಮುಖ್ಯವಾಗಿ ಹೊಡೆಯುವವನ ಕೈಯನ್ನು. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದವನ ಬೆರಳ ಮೂಳೆ ಮುರಿಯುವ ಭಯವಿತ್ತು. ಗವಸು ಆ ಭಯವನ್ನು ಕಳೆಯಿತು. ಚರ್ಮ ಹರಿಯುವುದು ಕಡಮೆಯಾಗಿರಬಹುದು. ತಲೆಯೊಳಗಿನ ಮಿದುಳು ಕದಲುವುದು ಕಣ್ಣಿಗೆ ಕಾಣದು. ಜಟ್ಟಿಯ ಮೊನೆಯಾದರೋ ಮೊದಲ ಗಾಯದಲ್ಲಿಯೇ ತನ್ನ ಕೆಲಸವನ್ನು ಬಹಿರಂಗಪಡಿಸಿ ಕಾಳಗವನ್ನು ನಿಲ್ಲಿಸುತ್ತದೆ. ಕ್ರೂರವಾಗಿ ಕಾಣುವ ಆಯುಧವು ಒಂದು ನಿಮಿಷದಲ್ಲಿ ಸಾಕೆನ್ನುತ್ತದೆ; ಮೃದುವಾಗಿ ಕಾಣುವ ಗವಸು ಹನ್ನೆರಡು ಸುತ್ತುಗಳವರೆಗೆ ಇನ್ನೂ ಎನ್ನುತ್ತದೆ.

1991ನೆಯ ಸೆಪ್ಟೆಂಬರ್ 21ರಂದು ಲಂಡನ್ನಿನಲ್ಲಿ ಮೈಕೆಲ್ ವಾಟ್ಸನ್ನನಿಗೂ ಕ್ರಿಸ್ ಯೂಬ್ಯಾಂಕನಿಗೂ ನಡೆದ ಕಾಳಗವು ಈ ಪಟ್ಟಿಗಳಲ್ಲಿ ಮೇಲಿನ ಸಾಲಿನದು. ಹನ್ನೊಂದನೆಯ ಸುತ್ತಿನಲ್ಲಿ ವಾಟ್ಸನ್ನನ ಪೆಟ್ಟಿಗೆ ಯೂಬ್ಯಾಂಕನು ನೆಲಕ್ಕೆ ಬಿದ್ದನು. ಎದ್ದವನೇ ಕೆಳಗಿನಿಂದ ಗಲ್ಲಕ್ಕೊಂದು ಗುದ್ದು ಕೊಡಲು ವಾಟ್ಸನ್ನನು ಹಿಂದಕ್ಕುರುಳಿ, ಅವನ ತಲೆಯ ಹಿಂಭಾಗ ಹಗ್ಗಕ್ಕೆ ತಾಕಿತು. ಕ್ಷಣಾರ್ಧದಲ್ಲಿ ಜಯಾಪಜಯಗಳು ಅದಲುಬದಲು! ಪ್ರೇಕ್ಷಕನಿಗೆ ಇದಕ್ಕಿಂತ ರೋಮಾಂಚವುಂಟೆ? ಮುಂದಿನ ಸುತ್ತಿನಲ್ಲಿ ಮಧ್ಯಸ್ಥನು ಕಾಳಗವನ್ನು ನಿಲ್ಲಿಸಿದನು. ಅಷ್ಟರಲ್ಲಿ ವಾಟ್ಸನ್ನನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟುತ್ತಲಿತ್ತು. ಸಕಾಲದಲ್ಲಿ ತಕ್ಕ ಚಿಕಿತ್ಸೆ ದೊರೆಯಲಿಲ್ಲ. ನಲವತ್ತು ದಿನ ಅವನಿಗೆ ಪ್ರಜ್ಞೆಯಿರಲಿಲ್ಲ. ಕ್ರೀಡೆಯ ಮೇಲಾಡಳಿತ ಮಂಡಲಿಯು ವೈದ್ಯಕೀಯ ಏರ್ಪಾಡಿನಲ್ಲಿ ತನ್ನ ಕರ್ತವ್ಯಕ್ಕೆ ಲೋಪಮಾಡಿತೆಂದು ಮೇಲ್ಮನವಿಯ ನ್ಯಾಯಾಲಯವು 2000ದಲ್ಲಿ ಎತ್ತಿಹಿಡಿಯಿತು. ಮಂಡಲಿಗೆ ಹೊಣೆ ಬಂದಿತು. ಆ ರಾತ್ರಿ ಎದ್ದು ನಿಂತು ಕೂಗಿದವರಿಗೆ?

ಪೂರ್ವಪಕ್ಷವು ದುರ್ಬಲವಾದುದಲ್ಲ. ಬಡವರ ಮಕ್ಕಳಿಗೆ ಕಣವು ಶಿಸ್ತನ್ನೂ ಅನ್ನವನ್ನೂ ಗೌರವವನ್ನೂ ಕೊಟ್ಟಿದೆ. ಗರಡಿಯ ಮಣ್ಣು ನಮ್ಮ ಹಳ್ಳಿಗಳ ಹುಡುಗರಿಗೆ ಕೊಟ್ಟದ್ದೂ ಅದನ್ನೇ. ಧೈರ್ಯವೆಂಬ ಗುಣವನ್ನು ಕಣ್ಣೆದುರಿಗೆ ನೋಡುವ ಸಂದರ್ಭಗಳು ಸಂಸಾರಿಗಳ ಬಾಳಿನಲ್ಲಿ ಹೆಚ್ಚಿಲ್ಲ. ಸೇಯರ್ಸನ ಎಡಗೈಯನ್ನು ಮೆಚ್ಚಿದವರು ಅವನ ನೋವನ್ನು ಮೆಚ್ಚಿದರೆನ್ನುವುದು ಅನ್ಯಾಯವಾದೀತು. ಮೇಲಾಗಿ ಮುಷ್ಟಿಮಲ್ಲನು ತಾನೇ ಆರಿಸಿಕೊಂಡು ಕಣಕ್ಕಿಳಿಯುತ್ತಾನೆ. ಜಟ್ಟಿಯಾದರೋ ಮನೆತನದ ಕಟ್ಟಳೆಯಿಂದ ತಲೆಯೊಡ್ಡುತ್ತಾನೆ. ಸ್ವಾತಂತ್ರ್ಯವನ್ನು ಅಳತೆಗೋಲಾಗಿಟ್ಟುಕೊಂಡರೆ ಮೈಸೂರಿನ ತೊಟ್ಟಿಗಿಂತ ಲಂಡನ್ನಿನ ಕಣವೇ ಮೇಲೆಂದು ವಾದಿಸಬಹುದು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಹಸಿವಿನಿಂದ ಆರಿಸಿಕೊಂಡದ್ದು ಎಷ್ಟರ ಮಟ್ಟಿಗೆ ಆಯ್ಕೆ ಎಂದು ಮರುಪ್ರಶ್ನೆ ಹಾಕಬಹುದು, ಅಷ್ಟೆ.

ಆದುದರಿಂದ ದೋಷವನ್ನು ನೋಟದಲ್ಲಿಯೇ ಹುಡುಕುವುದಕ್ಕಿಂತ ನೋಟದೊಳಗಿನ ಬಯಕೆಯಲ್ಲಿ ಹುಡುಕುವುದು ಯುಕ್ತ. ಮಧ್ಯಸ್ಥನು ಇಬ್ಬರ ನಡುವೆ ಕೈ ಚಾಚಿ ಸಾಕೆಂದ ಕ್ಷಣದಲ್ಲಿ ಗುಂಪಿನಿಂದ ಏಳುವ ಧ್ವನಿ ಎಂಥದು? ಸದ್ಯ, ಬದುಕಿದನೆಂಬ ನಿಟ್ಟುಸಿರೋ, ಇಷ್ಟು ಬೇಗ ನಿಲ್ಲಿಸಿದನೆಂಬ ಹುಯಿಲೋ? ಮೊದಲನೆಯದಾದರೆ ಅಲ್ಲಿ ನೆರೆದವರು ಧೈರ್ಯವನ್ನು ನೋಡಬಂದವರು. ಎರಡನೆಯದಾದರೆ ಅವರು ಹುಸಿ ರಂಗದಲ್ಲಿ ಕೂಗಬೇಕಾದ 'ಒನ್ಸ್ ಮೋರ್' ಅನ್ನು ನಿಜವಾದ ಮನುಷ್ಯನ ಮೇಲೆ ಕೂಗುತ್ತಿದ್ದಾರೆ. ಮೈಸೂರಿನಲ್ಲಿ ಹಿರಿಯ ಜಟ್ಟಿಗಳು ಬಿಡಿಸುವಾಗ ನೆರೆದವರನ್ನು ಯಾರೂ ಕೇಳುವುದಿಲ್ಲ. ಆ ಕಾಳಗವು ಅವರಿಗಾಗಿ ನಡೆದದ್ದಲ್ಲ. ಅವರಿಗೆ ತೃಪ್ತಿಯಾಯಿತೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಟಿಕೇಟಿನ ಹಣದಿಂದ ನಡೆಯುವ ಕಣದಲ್ಲಿ ಅದೇ ಮುಖ್ಯ ಲೆಕ್ಕ. ಅದನ್ನು ಎದುರಿಸಿ ಕೈ ಚಾಚುವ ಮಧ್ಯಸ್ಥನಿಗೆ ಬೇಕಾದ ಧೈರ್ಯವು ಮಲ್ಲರ ಧೈರ್ಯಕ್ಕಿಂತ ಕಡಮೆಯದಲ್ಲ. ಅವನ ಹೆಸರನ್ನು ಮಾತ್ರ ಯಾವ ಪಟ್ಟಿಯಲ್ಲಿಯೂ ಕಾಣೆವು.

ವಾಟ್ಸನ್ನನು ವರ್ಷಗಟ್ಟಲೆ ಚಿಕಿತ್ಸೆ ಪಡೆದು, ಮಾತನ್ನೂ ನಡೆಯನ್ನೂ ಮೊದಲಿಂದ ಕಲಿತನು. 2003ರಲ್ಲಿ ಲಂಡನ್ನಿನ ಮ್ಯಾರಥಾನ್ ಓಟದ ಇಪ್ಪತ್ತಾರು ಮೈಲಿಗಳ ದಾರಿಯನ್ನು ಅವನು ಕಾಲೆಳೆಯುತ್ತ ನಡೆದನು. ಅದಕ್ಕೆ ಆರು ದಿನ ಹಿಡಿಯಿತು. ಕೊನೆಯ ಮೈಲಿಯಲ್ಲಿ ಅವನ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದವನು ಯೂಬ್ಯಾಂಕ್.